ಅವ್ವನ ಕೈ ಇರುವ ಫೋಟೋ

ಇಚಲಕರಂಜಿ
೧೨ ಜನವರಿ ೧೯೬೪

ಸುಕುಮಾರ ಅವರಿಗೆ ನಮಸ್ಕಾರಗಳು.

ಕೊಲ್ಹಾಪುರದ ಪ್ರದರ್ಶನಕ್ಕೆ ನಾನು ತೆಗೆದ ನಮ್ಮ ಅವ್ವನ ಫೋಟೋ ಆರಿಸಿದ್ದೀರಿ, ಭಾಳ ಸಂತೋಷ. ಆದರೆ ಆಕೆಯ ಕೈಗೆ ಎರಡು ಬೆರಳಿಲ್ಲದ್ದು ನೋಡುವವರಿಗೆ ಕಸಿವಿಸಿಯಾದೀತು, ಆ ಭಾಗ ಕಪ್ಪಾಗಿಸಿ ಕಳಿಸು ಎಂದು ಬರೆದಿದ್ದೀರಿ.

ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಮಗ್ಗಕ್ಕೆ ಸಿಕ್ಕಿ ಬೆರಳು ಹೋದ ಮೇಲೂ ಆಕೆ ಅದೇ ಕೈಯಿಂದ ನೂಲು ಸುತ್ತಿ ನಮ್ಮನ್ನು ಸಾಕಿದವಳು.

“ಬೇಕಾದ್ರ ಮಾರಿ ಕತ್ತಲದಾಗ ಇರ್ಲಿ, ರಾಮ್ಯಾ. ಕೈ ಮಾತ್ರ ಕಾಣಬೇಕ್ ನೋಡು,” ಅಂದಳು.

ಹಾಗಾಗಿ ಮುಖವನ್ನು ನೆರಳಿಗೆ ಬಿಟ್ಟು, ಕೈ ಸ್ಪಷ್ಟವಾಗಿ ಕಾಣುವಂತೆ ಹೊಸ ಪ್ರಿಂಟ್ ತೆಗೆದು ಕಳಿಸಿದ್ದೇನೆ. ಒಪ್ಪಿಗೆಯಾಗದಿದ್ದರೆ ಮರಳಿಸಿರಿ. ಬೇರೆ ಫೋಟೋ ಕಳಿಸುವುದಿಲ್ಲ.

ಒಪ್ಪಿದರೆ ಗೋಡೆಯ ಮೇಲೆ ಸ್ವಲ್ಪ ಕೆಳಗೇ ತೂಗುಹಾಕಿರಿ. ಮುಂದಿನ ಭಾನುವಾರ ಅವ್ವನನ್ನು ಕರೆತರುತ್ತೇನೆ, ಆಕೆ ಗಿಡ್ಡ.

ನಿಮ್ಮ
ರಾಮಲಿಂಗ