ಪುಟ ಮೂವತ್ತೊಂದು

ಜೂನ್ 4
ಕ್ಲಾಸಿನವರಿಗಾಗಿ ನೋಟ್ಸ್ ಇಪ್ಪತ್ತೆಂಟು ಪುಟ ಟೈಪ್ ಆಯಿತು. ಗಣಿತೀಯ ಭೌತಶಾಸ್ತ್ರಕ್ಕೆ ಲೈಬ್ರರಿಯಲ್ಲಿರುವುದು ಒಂದೇ ಪುಸ್ತಕ, ಅರ್ಧ ಹರಿದದ್ದು. ಅದನ್ನು ಕಲಿಸುತ್ತಿದ್ದ ಮೇಷ್ಟ್ರು ತೀರಿಕೊಂಡರು. ಅವರ ಪಾಠ ಪೂರ್ತಿ ಉಳಿದಿರುವುದು ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ — ಇಪ್ಪತ್ತೈದು ವರ್ಷದ ಹಿಂದೆ, ಓದು ಬಿಡುವ ಮುಂಚೆ ಬರೆದದ್ದು; ಈಗ ಮತ್ತೆ ಸೇರಿದ್ದೇನೆ. ಅರಬ್ಬಿ ಅಕ್ಷರ. ಸಮೀಕರಣಗಳೂ ಬಲದಿಂದ ಎಡಕ್ಕೆ, ನಮ್ಮ ಕಾಲದ ಶಾಲೆಯಲ್ಲಿ ಕಲಿಸಿದ ಹಾಗೆ. ಈಗಿನವರಿಗೆ ಅದು ಓದಲು ಬರದು. ಅವರದೆಲ್ಲ ಎಡದಿಂದ ಬಲಕ್ಕೆ.

ಸಹಪಾಠಿ ರಶಾ ಬಿಸಿ ಮಹ್ಜೂಬಾ, ಈರುಳ್ಳಿ ಟೊಮೇಟೊ ತುಂಬಿದ ರೊಟ್ಟಿ, ತಂದಿಟ್ಟಳು. ಇಡೀ ಕ್ಲಾಸಿಗೆ ನಾನು ಖಾಲ್ತಿ, ಚಿಕ್ಕಮ್ಮ.

"ಖಾಲ್ತಿ, ನಿಮ್ಮ ಫೈಲ್ ಇಲ್ದಿದ್ರೆ ನಾನು ಮದುವೆ ಮಾಡ್ಕೊಂಡು ಮನೇಲಿ ಕೂರ್ಬೇಕಿತ್ತು."

"ಫೇಲಾದವಳನ್ನ ಯಾರೇ ಮಾಡ್ಕೋತಾರೆ?" ಎಂದ ಅನೀಸ್, ಅವಳ ಬೆಂಚಿನವನು.

ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ.

ಜೂನ್ 9
ಕ್ಲಾಸಿನ ಮೆಸೆಂಜರ್ ಗುಂಪಿಗೆ ಫೈಲ್ ಕಳಿಸಿದೆ. ನಲವತ್ತೊಂದು ಮಂದಿ. ಸಾಲುಸಾಲು ಹೃದಯಗಳು ಬಂದವು. ಸಂತೋಷ ಆಗಬೇಕಿತ್ತು... ಇಷ್ಟದ ಕವಿತೆಯ ಪುಸ್ತಕ ತೆರೆದು ಕೂತೆ. ಒಂದೇ ಸಾಲನ್ನು ನಾಲ್ಕು ಸಲ ಓದಿ ಮುಚ್ಚಿಟ್ಟೆ.

ಜೂನ್ 15, ಬೆಳಗ್ಗೆ 7:50
ಒಂಬತ್ತಕ್ಕೆ ಪರೀಕ್ಷೆ. ಪುಟ ಮೂವತ್ತೊಂದು ತಪ್ಪಾಗಿದೆ. ಅಲೆಯ ಸೂತ್ರ. ಈ ಕ್ಷಣದಿಂದ ಹಿಂದಿನ ಕ್ಷಣ ಕಳೆಯಬೇಕು — ನೋಟ್‌ಬುಕ್ಕಿನಲ್ಲಿ ಬಲಗಡೆಯದು ಮೊದಲು. ಟೈಪ್ ಮಾಡುವಾಗ ಎಡದಿಂದ ಓದಿಬಿಟ್ಟಿದ್ದೇನೆ. ಹೀಗೆ ಲೆಕ್ಕ ಮಾಡಿದರೆ ಗಂಟೆ ಬಾರಿಸುವ ಮುಂಚೆಯೇ ಸದ್ದು ಕೇಳಿಸುತ್ತದೆ.

8:03
'ಪುಟ 31 ತಪ್ಪು' ಎಂದು ಗುಂಪಿಗೆ ಬರೆದೆ. ಹೋಗುತ್ತಿಲ್ಲ. ಇವತ್ತಿನಿಂದ ಬಾಕ್, ಶಾಲೆ ಮುಗಿಸುವವರ ಪರೀಕ್ಷೆ. ಶಾಲೆ ಮಕ್ಕಳು ನಕಲು ಹೊಡೆಯದಿರಲೆಂದು ಬೆಳಗಿನ ಹೊತ್ತು ಇಡೀ ಅಲ್ಜೀರಿಯಕ್ಕೆ ಇಂಟರ್ನೆಟ್ ಇಲ್ಲ. ಪ್ರತಿ ವರ್ಷದ ಸಂಗತಿ, ಮರೆತಿದ್ದೆ. ಯಾರ ನಂಬರೂ ಬೇರೆ ಬರೆದಿಟ್ಟುಕೊಂಡಿಲ್ಲ. ಗೇಟಿನಲ್ಲಿ ಹೇಳಿದರಾಯಿತು.

ಸಂಜೆ
ಹೇಳಲಿಲ್ಲ.

ಎಲ್ಲರೂ ಅಲ್ಲೇ ಇದ್ದರು. ರಶಾ ನನ್ನ ಕೈ ಹಿಡಿದು, ಕಣ್ಣು ಮುಚ್ಚಿ, ಸೂತ್ರ ಗುನುಗುತ್ತಿದ್ದಳು. ತಪ್ಪು ಸೂತ್ರ. ಕೇಳಿಸಿಕೊಂಡೆ. ಏನು ತಡೆಯಿತು? ನಾಚಿಕೆಯೆ? ಹುಡುಕಿದೆ, ಸಿಗಲಿಲ್ಲ. ಒಳಗೆ ಏನೂ ಇರಲಿಲ್ಲ. ಬಾಗಿಲು ತೆಗೆದರು, ಹೋದೆವು. ಮೊದಲ ಪ್ರಶ್ನೆಯೇ ಅದು, ಅರ್ಧದಷ್ಟು ಅಂಕ ಅದಕ್ಕೇ. ನಾನು ಸರಿ ಬರೆದೆ.

ಜೂನ್ 24
ಫಲಿತಾಂಶ. ಐದು ಮಂದಿ ಪಾಸು, ನಾನೂ ಸೇರಿ. ಇದು ಎರಡನೆಯ ಸರದಿಯ ಪರೀಕ್ಷೆ, ಈ ವರ್ಷದ ಕೊನೆಯ ಅವಕಾಶ. ಉಳಿದವರಿಗೆ ಒಂದು ವರ್ಷ ಹೋಯಿತು.

"ಖಾಲ್ತಿ, ನಿಮಗೆ ಹೇಗೆ ಸರಿ ಬಂತು?" ರಶಾ ಕೇಳಿದಳು.

"ಅವತ್ತು ಬೆಳಗ್ಗೆ ಗೊತ್ತಾಯ್ತು."

"ಬೆಳಗ್ಗೆನಾ? ಗೇಟಿಗೆ ಬರೋಕ್ ಮುಂಚೆನಾ?"

"ಹೌದು."

ಅವಳು ಕೂಗಾಡಬಹುದಿತ್ತು. ಅನೀಸ್ ಅವಳ ತೋಳು ಹಿಡಿದೆಳೆದ. "ಬಾರೇ. ಅವರು ನಮ್ಮೋರಲ್ಲ."

ಜೂನ್ 25
ಪರೀಕ್ಷಕಿ ಮದಾಮ್ ಸಹ್ರಾವಿಗೆ ಪತ್ರ. ತಪ್ಪು ನನ್ನ ಫೈಲಿನದು, ಅವರೆಲ್ಲ ನನ್ನನ್ನು ನಂಬಿ ಬರೆದವರು, ಮರುಪರೀಕ್ಷೆ ಕೊಡಿ — ಇಷ್ಟು ಸುಲಭವಾಗಿ ಬಂತು. ಇಷ್ಟೇ ಕಳಿಸಿದರೆ ಮರೆವಿನ ಹೆಂಗಸೆಂದು ಕ್ಷಮಿಸುತ್ತಾರೆ. ನನ್ನ ಅಂಕವೂ ಉಳಿಯುತ್ತದೆ. ಇನ್ನೊಂದು ಸಾಲು ಬೇಕು. ಇಲ್ಲಿ ಮೊದಲು ಬರೆದು ನೋಡುತ್ತೇನೆ:

ಮದಾಮ್, ಪರೀಕ್ಷೆಗೆ ಒಂದು ಗಂಟೆ ಮುಂಚೆ ನನಗೆ —