ಅರವತ್ತು ಡಿಗ್ರಿಗೆ ಹಾಕಿದ ಅರಗು

ಹಗೇವೂರು, ಕೃಷ್ಣೆಯ ದಂಡೆ
ಫೆಬ್ರವರಿ ಮೂವತ್ತು, ೨೩೧೧

ಮುನ್ನೂರು ವರ್ಷದ ಹಿಂದಿನ ಹಿರಿಯರಿಗೆ,

ನಿಮ್ಮ ಪಂಚಾಂಗದಲ್ಲಿ ಈ ತಾರೀಖೇ ಇರಲಿಲ್ಲವಂತೆ. ನಮ್ಮಲ್ಲಿ ಇದೆ, ಇವತ್ತು ಸೋಮವಾರ. ನನ್ನ ಕೆಲವು ಮಾತುಗಳು ನಿಮಗೆ ಅಪರಿಚಿತ ಅನ್ನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಉಪಚಾರದ ಮಾತು ಇಷ್ಟಕ್ಕೇ ಸಾಕು. ನಿಮ್ಮನ್ನು ನಾನು ನಂಬುವುದಿಲ್ಲ, ಏಕೆಂದು ಹೇಳುವುದಕ್ಕೇ ಈ ಪತ್ರ.

ನನ್ನ ಹೆಸರು ರಾಚವ್ವ. ಹಾಳೆ ಪರೀಕ್ಷಿಸುವುದು ನನ್ನ ಕೆಲಸ. ನೀವು ಕಸ ಹೂತ ಗುಂಡಿಗಳನ್ನು ನಾವು ಹಗೇವು ಎನ್ನುತ್ತೇವೆ; ನಿಮಗಿಂತಲೂ ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲಗುಂಡಿಯ ಹೆಸರದು. ಹೊಸ ಪ್ಲಾಸ್ಟಿಕ್ ಮಾಡಲು ನಮ್ಮ ನೆಲದಲ್ಲಿ ಎಣ್ಣೆ ಉಳಿದಿಲ್ಲ. ಹಾಗಾಗಿ ನಿಮ್ಮದನ್ನೇ ಅಗೆದು, ತೊಳೆದು, ಬಿಸಿಲಿಗೆ ಒಣಗಿಸಿ, ಚಾವಣಿಗೆ ಹೊದಿಸುತ್ತೇವೆ, ಬೀಜ ಕಟ್ಟಿಡುತ್ತೇವೆ, ಓಣಿಯ ನೀರಿನ ತೊಟ್ಟಿಗೆ ಒಳಗಿನಿಂದ ಹಾಸುತ್ತೇವೆ. ತೊಟ್ಟಿಗೆ ಹಾಲುಹಾಳೆಯೇ ಆಗಬೇಕು, ಅಂದರೆ ನೀವು ಹಾಲು ತುಂಬಿ ಮಾರುತ್ತಿದ್ದ ಪಾಲಿಥೀನ್. ಉಪ್ಪುಹಾಳೆ, ನಿಮ್ಮ ಪಿವಿಸಿ, ಕೂಡದು. ಅದನ್ನು ಮೆತ್ತಗಿಡಲು ನೀವು ಬೆರೆಸಿದ ಎಣ್ಣೆ ಮೆಲ್ಲಗೆ ನೀರಿಗಿಳಿದು ಕುಡಿದವರ ಮೈ ಸೇರುತ್ತದೆ, ಮಕ್ಕಳಿಗಂತೂ ಅದು ವಿಷ. ನಮ್ಮ ಓಣಿಯ ತೊಟ್ಟಿಯ ನೀರು ಕುಡಿಯುವವರಲ್ಲಿ ನನ್ನ ಒಂಬತ್ತು ವರ್ಷದ ಮಗಳು ಈರವ್ವನೂ ಇದ್ದಾಳೆ.

ಈ ಎರಡು ಹಾಳೆಗಳನ್ನು ಬರಿಗಣ್ಣಿಂದ ಬೇರೆ ಮಾಡಲಾಗದು. ಅದಕ್ಕೇ ಓರೆಗಣ್ಣು ಎಂಬ ಯಂತ್ರವಿದೆ. ಹಾಳೆಯನ್ನು ಒಂದು ಹರಳಿನ ಮೇಲೆ ಒತ್ತಿ ಹಿಡಿದು, ಹರಳಿನೊಳಗಿಂದ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಓರೆಯಾಗಿ ಬಿಡುತ್ತೇವೆ. ಬೆಳಕು ಹಾಳೆಯನ್ನು ಸೋಕಿ ಹಿಂದಿರುಗುತ್ತದೆ. ಅದರಲ್ಲಿ ಯಾವ ಯಾವ ಅಲೆ ಹಾಳೆಯ ಪಾಲಾಯಿತು ಎಂದು ನೋಡಿ ಅದು ಯಾವ ಬಗೆಯ ಹಾಳೆ ಎಂದು ಹೇಳುತ್ತೇವೆ. ಡಿಗ್ರಿ ಏರಿಸಿದಷ್ಟೂ ಕಿರಣ ಮಲಗುತ್ತದೆ, ಮೇಲಿನ ಸಿಪ್ಪೆ ಮಾತ್ರ ಕಾಣುತ್ತದೆ. ಡಿಗ್ರಿ ಇಳಿಸಿ ಎಬ್ಬಿಸಿದಷ್ಟೂ ಒಳಗಿಳಿಯುತ್ತದೆ, ಇಳಿದರೂ ಕೂದಲಿನ ದಪ್ಪದ ಮೂವತ್ತರಲ್ಲೊಂದು ಪಾಲಷ್ಟೇ. ಕೋನ ಬದಲಿಸಲು ಪಕ್ಕದಲ್ಲಿ ಒಂದು ತಿರುಗಣೆ ಇದೆ. ಆದರೆ ಹದಿನೈದು ವರ್ಷಗಳ ಹಿಂದೆ ಇಬ್ಬರು ಪರೀಕ್ಷಕರು ಬೇರೆ ಬೇರೆ ಕೋನದಲ್ಲಿ ನೋಡಿ ಒಂದೇ ಹಾಳೆಗೆ ಎರಡು ಉತ್ತರ ಕೊಟ್ಟರು, ಎರಡು ಓಣಿಗಳ ನಡುವೆ ಜಗಳ ಹತ್ತಿತು. ಊರ ಹಿರಿಯರು ಕೂತು, ಎಲ್ಲರಿಗೂ ಒಂದೇ ಕೋನವಾದರೆ ಎಲ್ಲರಿಗೂ ಒಂದೇ ನ್ಯಾಯ ಎಂದು ತೀರ್ಮಾನಿಸಿ, ತಿರುಗಣೆಯನ್ನು ಅರವತ್ತು ಡಿಗ್ರಿಗೆ ನಿಲ್ಲಿಸಿ, ಅರಗು ಸುರಿದು ಮುದ್ರೆ ಒತ್ತಿದರು. ಎರಡು ಉತ್ತರಗಳೂ ನಿಜವಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಆಯುಧಪೂಜೆಗೆ ನಾವು ಆ ಅರಗಿಗೇ ಕುಂಕುಮ ಹಚ್ಚುತ್ತ ಬಂದೆವು.

ಕಳೆದ ತಿಂಗಳು ತೊಟ್ಟಿಯ ಹಳೆಯ ಹಾಳೆ ಹರಿಯಿತು. ಹೊಸದನ್ನು ಅಗೆದು ತಂದವರು ನಿಜಗುಣಪ್ಪ ಕಾಕಾ, ನನಗೆ ಈ ಕೆಲಸ ಕಲಿಸಿದವರು. ಅರವತ್ತರಲ್ಲಿ ಹಾಳೆ ಪಾಸಾಯಿತು. ಅಷ್ಟಕ್ಕೇ ನನಗೆ ಗುಮಾನಿ ಹುಟ್ಟಿತು. ಮುನ್ನೂರು ವರ್ಷ ಮಣ್ಣಲ್ಲಿ ಬಿದ್ದದ್ದು ಇಷ್ಟು ಚೊಕ್ಕವಾಗಿ ಹೇಗೆ ಉಳಿದೀತು? ಬಿಸಿಲಿಗಿಟ್ಟರೆ ಸಣ್ಣಗೆ ಕಮಟು ವಾಸನೆ ಬೇರೆ. ಕಾಕಾ ಎದುರಿಗೇ ಕೂತು, "ಲಗೂನ ಮುದ್ರಿ ಒತ್ತವ್ವಾ, ಮಂದಿ ನೀರಿಗಿ ಕುಂತಾರ" ಎಂದು ಬೆನ್ನು ಹತ್ತಿದ್ದರು. ಅವಸರ ಮಾಡುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗದು. ಹಿರಿಯರನ್ನು ಕರೆಸಿ, ಅವರೆದುರಿಗೇ ಅರಗು ಒಡೆದೆ. ಕಿರಣವನ್ನು ನಲವತ್ತೈದಕ್ಕೆ ಎಬ್ಬಿಸಿದಾಗ ಉಪ್ಪುಹಾಳೆಯ ಗುರುತು ಮೂಡಿತು. ನಲವತ್ತಕ್ಕೆ ತಂದಾಗ ಇನ್ನೂ ಗಾಢವಾಯಿತು. ಹಾಲುಹಾಳೆ ಬರೀ ಮೇಲಿನ ತೆಳು ಪದರವಾಗಿತ್ತು.

ಕಾಕಾನೇ ಅದನ್ನು ಬಳಿದು ಮೋಸ ಮಾಡಿದ್ದಾರೆ ಎಂದು ಎಲ್ಲರೆದುರು ಅಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. ನಡುಗುವ ಎರಡೂ ಕೈ ಮುಂದೆ ಚಾಚಿ, "ಈ ಕೈಲೆ ಅಷ್ಟು ತೆಳ್ಳಗ ಬಳಿಯಾಕ ಬರ್ತದೇನವ್ವಾ? ಬಿಚ್ಚದ ಕಟ್ಟು ಹಗೇವಿನಾಗ ಇನ್ನೂ ಬಿದ್ದಾವ. ನೀನ ಇಳದು ನೋಡು" ಎಂದರು.

ಇಳಿದೆ. ನಿಮ್ಮ ಕಾಲದ ತಂತಿ ಬಿಗಿದ ಕಟ್ಟನ್ನು ಕೈಯಾರೆ ಬಿಚ್ಚಿ, ನಡುವಿನ ಹಾಳೆ ಎಳೆದು ತಂದು ನೋಡಿದೆ. ಅದೇ ತೆಳು ಪದರ, ಕೆಳಗೆ ಅದೇ ಉಪ್ಪುಹಾಳೆ. ಮೋಸ ಕಾಕಾನದಲ್ಲ, ನಿಮ್ಮದು. ಮೋಸ ಎಂದರೆ ನೀವು ಒಪ್ಪಲಿಕ್ಕಿಲ್ಲ. ಹೊಳಪಿಗೆ ಬಳಿದೆವು, ಒಂದಕ್ಕೊಂದು ಅಂಟದಿರಲೆಂದು ಬಳಿದೆವು ಎನ್ನುತ್ತೀರಿ. ಇರಬಹುದು. ಒಳಗೇನಿದೆ ಎಂದು ಅಂಚಿನಲ್ಲಿ ಒಂದು ಸಾಲು ಬರೆಯಲು ನಿಮಗೇನು ಧಾಡಿಯಾಗಿತ್ತು?

ಕಾಕಾನ ಕಾಲು ಹಿಡಿದೆ. "ಗುಮಾನಿ ಪಡೂದು ನಾನ ಕಲಿಸೀನಿ, ಏಳು" ಎಂದರು. ನಾಚಿಕೆಯಿಂದ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ತೊಟ್ಟಿಯ ಪಕ್ಕ ಬಿದ್ದಿದ್ದ ಹರಿದ ಹಾಳೆಯ ಕಡೆ ಕಣ್ಣು ಹೋಯಿತು. ಹತ್ತು ವರ್ಷದ ಹಿಂದೆ, ಈರವ್ವ ಹುಟ್ಟುವ ಮುಂಚೆ, ಅರವತ್ತು ಡಿಗ್ರಿಯಲ್ಲಿ ನೋಡಿ ನಾನೇ ಒಪ್ಪಿದ್ದ ಹಾಳೆ ಅದು. ಒಂದು ತುಂಡು ಕತ್ತರಿಸಿ ತಂದು ಹರಳಿನ ಮೇಲೆ ಒತ್ತಿ, ತಿರುಗಣೆಯನ್ನು ನಲವತ್ತಕ್ಕೆ ತಂದೆ. ಉಪ್ಪುಹಾಳೆಯೇ. ಅಂಚಿನಲ್ಲಿ ನನ್ನ ಮುದ್ರೆ ಇನ್ನೂ ಅಳಿಸಿರಲಿಲ್ಲ. ಹುಟ್ಟಿದಾಗಿನಿಂದ ನನ್ನ ಮಗಳು ಕುಡಿದದ್ದು ಆ ತೊಟ್ಟಿಯ ನೀರು.

ಈಗ ಹೊಳೆಯ ನೀರು ಕಾಯಿಸಿ, ಮಣ್ಣಿನ ಗಡಿಗೆಯಲ್ಲಿಟ್ಟು ಕುಡಿಯುತ್ತಿದ್ದೇವೆ. ನಿಮ್ಮಲ್ಲಿ ಬೇಡುವುದು ಒಂದೇ. ಒಂದರ ಮೇಲೊಂದು ಬಳಿಯುವ ಮುನ್ನ ಕೆಳಗಿನದರ ಹೆಸರನ್ನು ಅಳಿಸದ ಹಾಗೆ ಬರೆದಿಡಿ. ಬರೆದರೂ ನಾನು ನಂಬುವುದಿಲ್ಲ, ಎಲ್ಲ ಕೋನದಲ್ಲೂ ನೋಡಿಯೇ ನೋಡುತ್ತೇನೆ, ಆದರೂ ಬರೆಯಿರಿ. ಕಾಕಾ ನನ್ನನ್ನು ಕ್ಷಮಿಸಿದರು. ಈರವ್ವನಿಗೆ ನಾನಿನ್ನೂ ಹೇಳಿಲ್ಲ. ಈಗಷ್ಟೇ ಆಟದಿಂದ ಬಂದು ನೀರು ಕೇಳಿದಳು. ಗಡಿಗೆಯಿಂದ ತಂಬಿಗೆ ತುಂಬಿ ಕೊಟ್ಟೆ. ಒಳಗೆ ಇಣುಕಿಯೂ ನೋಡದೆ ಗಟಗಟ ಕುಡಿದಳು.

ರಾಚವ್ವ