ಗ್ಯಾರೇಜಿನಲ್ಲಿ ಮಲಗಿಸಿಟ್ಟ ಸಿಲಿಂಡರ್

ಅಣ್ಣಾ,

ನಿನ್ನ ಎದೆಬಡಿತ ಇದ್ದಕ್ಕಿದ್ದಂತೆ ನಿಂತದ್ದಕ್ಕೆ ನಿನ್ನನ್ನು ಬೈಯಲಾರೆ. ಬೈಯಬೇಕಿರುವುದು ಬೇರೆಯದಕ್ಕೆ.

ಕೋವಿಡ್ ವರ್ಷ ಪಸಡೀನಾದ ಅಪಾರ್ಟ್‌ಮೆಂಟ್ ಬಿಟ್ಟು, ಕೈಗೂಸು ಮೇಘಾಳನ್ನೆತ್ತಿಕೊಂಡು ಸ್ಯಾಂಟಾ ಕ್ಲಾರಿಟಾದ ನಿನ್ನ ಮನೆಗೆ ಬಂದಾಗ ನೀನು ಗ್ಯಾರೇಜಿನ ಮೇಲಿನ ಕೋಣೆ ಕೊಟ್ಟೆ. ರಜೆ ದಿನ ಕೆಳಗೆ ನಿನ್ನ ವೆಲ್ಡಿಂಗ್ ನಡೆಯುತ್ತಿತ್ತು. ವೆಲ್ಡಿಂಗಿಗೆ ಉರಿಸುವ ಅಸಿಟಿಲೀನ್ ಗ್ಯಾಸಿನ ಸಿಲಿಂಡರನ್ನು ಎಂದೂ ಮಲಗಿಸಬಾರದು, ನಿಲ್ಲಿಸಿ ಸರಪಳಿ ಬಿಗಿಯಬೇಕು, ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಇಡಬೇಕು ಎಂದು ಹೇಳಿಕೊಟ್ಟವನು ನೀನೇ. ಹಾಗಾದರೆ ಮಗುವಿರುವ ಮನೆಯೊಳಗೆ ಯಾಕೆ ಎಂದು ನಾನು ಕೇಳಿದೆ. ಮರುವಾರ ನೀನು ಹೇಳಿದೆ: "ಅಂಗಡಿಗೆ ವಾಪಸ್ ಕೊಟ್ಬಂದೆ ಕಣೇ. ಇನ್ನು ನೆಮ್ಮದಿಯಾಗಿ ನಿದ್ದೆ ಮಾಡು."

ಮಾಡಿದೆ. ಎರಡು ವರ್ಷ.

ಆಗಾಗ ಮೆಟ್ಟಿಲಲ್ಲಿ ಬೆಳ್ಳುಳ್ಳಿ ವಾಸನೆ ಬರುತ್ತಿತ್ತು, ನೆನಪಿದೆಯಾ? "ನಿನ್ನ ಅತ್ತಿಗೆಯ ಒಗ್ಗರಣೆ" ಎಂದು ನೀನು ನಕ್ಕಿದ್ದೆ. ಅತ್ತಿಗೆಯೂ ನಕ್ಕಿದ್ದರು.

ನೀನು ತೀರಿಕೊಂಡ ತಿಂಗಳಲ್ಲಿ ಗ್ಯಾರೇಜ್ ತೆರವು ಮಾಡಲು ನಾನೂ ಅತ್ತಿಗೆಯೂ ಇಳಿದೆವು. ಹಳೆಯ ಹಾಸಿಗೆ ಸರಿಸಿದಾಗ ಅದೇ ವಾಸನೆ ಮುಖಕ್ಕೆ ಬಡಿಯಿತು. ಸಿಲಿಂಡರ್ ಅಡ್ಡ ಮಲಗಿತ್ತು. ನಾಲ್ಕು ಹೆಜ್ಜೆ ಆಚೆ ವಾಟರ್ ಹೀಟರ್, ಅದರೊಳಗೆ ಸದಾ ಉರಿಯುವ ಪುಟ್ಟ ಜ್ವಾಲೆ. ಒಂದು ಸ್ವಿಚ್ಚನ್ನೂ ಮುಟ್ಟದೆ ಮೇಲೋಡಿ ಮೇಘಾಳನ್ನು ಎತ್ತಿಕೊಂಡೆ, ಅತ್ತಿಗೆಯನ್ನು ಎಳೆದುಕೊಂಡು ರಸ್ತೆಗೆ ಬಂದ ಮೇಲೆಯೇ ಫೋನ್ ಮಾಡಿದೆ. ಅಗ್ನಿಶಾಮಕದವರು ಬಂದು ಅದನ್ನು ಹೊರಗೆ ಸಾಗಿಸಿದರು. ವಾಲ್ವ್ ಸಣ್ಣಗೆ ಸೋರುತ್ತಿದೆ, ಬೆಳ್ಳುಳ್ಳಿ ವಾಸನೆ ಈ ಗ್ಯಾಸಿನದೇ, ಬಹಳ ದಿನದಿಂದಲೇ ಸೋರುತ್ತಿರಬೇಕು ಎಂದರು. ಗ್ಯಾರೇಜಿನ ಬಾಗಿಲ ಸಂದಿಯಿಂದ ಗ್ಯಾಸ್ ಹೊರಗೆ ಹೋಗದಿದ್ದಿದ್ದರೆ, ಮೇಲೆ ನಾವಿಬ್ಬರೂ...

ಅಲ್ಲೇ, ರಸ್ತೆಯಂಚಿನಲ್ಲಿ ಕೂತು, ಅತ್ತಿಗೆ ಹೇಳಿದರು: "ನಂಗೆ ಗೊತ್ತಿತ್ತು ಕಣೇ. ನಿಂಗೆ ಹೇಳ್ಬೇಡ ಅಂದಿದ್ರು ನಿಮ್ಮಣ್ಣ. ಸುಮ್ನೆ ಹೆದರ್ಕೊಂಡು ಮನೆ ಬಿಟ್ಟು ಹೋಗ್ತಾಳೆ ಅಂದ್ರು."

ನನ್ನನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದೆಯಾ, ಅಥವಾ ಸಿಲಿಂಡರನ್ನು ಉಳಿಸಿಕೊಳ್ಳಲೋ? ಅಷ್ಟೆಲ್ಲ ಗೊತ್ತಿದ್ದವನು, ಕನಿಷ್ಠ ನೆಟ್ಟಗೆ ನಿಲ್ಲಿಸಿಯಾದರೂ... ಬಚ್ಚಿಡಬೇಕಿತ್ತಲ್ಲ, ಅದಕ್ಕೇ ಮಲಗಿಸಿದೆ.

ನಾವೀಗ ಮತ್ತೆ ಪಸಡೀನಾದಲ್ಲಿದ್ದೇವೆ. ಅತ್ತಿಗೆ ಭಾನುವಾರ ಬರುತ್ತಾರೆ. ಮಾತಾಡುತ್ತೇವೆ, ಆದರೆ ಮೊದಲಿನಂತಲ್ಲ. ಮೇಘಾ ಶಾಲೆಗೆ ಹೋಗುತ್ತಾಳೆ. ಮೊನ್ನೆ ನಿನ್ನ ಫೋಟೋ ನೋಡಿ, "ಡಿಡ್ ಮಾಮ ಲವ್ ಮಿ?" ಎಂದಳು. ಹೌದು ಎಂದೆ. ಅದು ನಿಜವೇ. ಅವಳು ದೊಡ್ಡವಳಾದ ಮೇಲೆ ಉಳಿದದ್ದನ್ನೂ ಹೇಳುತ್ತೇನೆ, ಅಣ್ಣಾ. ಅವಳಿಂದ ನಾನು ಏನನ್ನೂ ಮುಚ್ಚಿಡುವುದಿಲ್ಲ.

ನಿನ್ನ ತಂಗಿ